ಗಾಳಿ ಹೋದಾಗ ಹಿಡಿಯುವ ಬ್ರೇಕು

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಗೂಡ್ಸ್ ರೈಲು ನಿಲ್ಲಿಸುವುದೆಂದರೆ ಜೀವ ಅಂಗೈಯಲ್ಲಿಟ್ಟುಕೊಂಡು ಮಾಡುವ ಕೆಲಸ. ಡ್ರೈವರ್ ಸೀಟಿ ಊದಿದ ಕೂಡಲೇ ಬ್ರೇಕ್‌ಮ್ಯಾನ್‌ಗಳು ಓಡುತ್ತಿರುವ ಬೋಗಿಗಳ ನೆತ್ತಿ ಹತ್ತಿ, ಒಂದರಿಂದ ಇನ್ನೊಂದಕ್ಕೆ ಹಾರುತ್ತ, ಪ್ರತಿ ಬೋಗಿಯ ಕೈಚಕ್ರ ತಿರುವಿ ಬಿಗಿ ಮಾಡಬೇಕಿತ್ತು. ಮಳೆಯಿರಲಿ, ಹಿಮವಿರಲಿ, ರಾತ್ರಿಯಿರಲಿ, ಬೇರೆ ದಾರಿ ಇರಲಿಲ್ಲ.

1866ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ ಇಪ್ಪತ್ತರ ಹರೆಯದ ಹುಡುಗ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಿಂದ ಟ್ರಾಯ್‌ಗೆ ಹೊರಟಿದ್ದ ರೈಲು ನಡುದಾರಿಯಲ್ಲಿ ನಿಂತುಬಿಟ್ಟಿತು. ಮುಂದೆ ಎರಡು ಗೂಡ್ಸ್ ಗಾಡಿಗಳು ಮುಖಾಮುಖಿ ಡಿಕ್ಕಿ ಹೊಡೆದಿದ್ದವು. ಇಬ್ಬರು ಡ್ರೈವರುಗಳೂ ಎದುರಿನ ಗಾಡಿಯನ್ನು ಕಂಡಿದ್ದರಂತೆ. ಆದರೆ ಕಂಡದ್ದಕ್ಕೂ ನಿಲ್ಲುವುದಕ್ಕೂ ನಡುವೆ ಅಷ್ಟೊಂದು ಕೈಚಕ್ರಗಳಿದ್ದವು. ಹುಡುಗನ ತಲೆಯಲ್ಲಿ ಅದೇ ಕೂತುಬಿಟ್ಟಿತು. ಮೊದಲು ಸರಪಳಿಯಿಂದ ಎಳೆಯುವ ಬ್ರೇಕ್ ಯೋಚಿಸಿದ, ಆಮೇಲೆ ಹಬೆಯದು. ಹಬೆಯೋ, ಉದ್ದನೆಯ ಪೈಪಿನಲ್ಲಿ ಸಾಗುವಷ್ಟರಲ್ಲಿ ತಣಿದು ನೀರಾಗುತ್ತಿತ್ತು.

ದಾರಿ ತೋರಿಸಿದ್ದು ಒಂದು ಪತ್ರಿಕೆ. ಚಂದಾ ಮಾಡಿಸಲು ಬಂದ ಯುವತಿಯಿಂದ ಕೊಂಡದ್ದು ಎಂದು ಅವನ ಜೀವನಚರಿತ್ರೆಗಳು ಹೇಳುತ್ತವೆ. ಆಲ್ಪ್ಸ್ ಪರ್ವತದ ಮೋಂ ಸೆನಿಸ್ ಸುರಂಗದಲ್ಲಿ ಬಂಡೆ ಕೊರೆಯುವ ಯಂತ್ರಗಳನ್ನು ಒತ್ತಿ ತುಂಬಿದ ಗಾಳಿಯಿಂದ ನಡೆಸುತ್ತಿದ್ದಾರೆ, ಆ ಗಾಳಿ ಸಾವಿರಾರು ಅಡಿ ಪೈಪಿನಲ್ಲಿ ಹೋದರೂ ಬಲ ಉಳಿಸಿಕೊಳ್ಳುತ್ತದೆ ಎಂಬ ಸುದ್ದಿ ಅದರಲ್ಲಿತ್ತು. ಸುರಂಗಕ್ಕೆ ಒದಗಿದ್ದು ರೈಲಿಗೇಕೆ ಒದಗಬಾರದು? 1869ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಪಿಟ್ಸ್‌ಬರ್ಗ್‌ನ ಪ್ರಯೋಗದ ರೈಲಿಗೆ ಹಳಿ ದಾಟುತ್ತಿದ್ದ ಕುದುರೆಗಾಡಿ ಅಡ್ಡ ಬಂದಾಗ, ಡ್ರೈವರ್ ಡೇನಿಯಲ್ ಟೇಟ್ ಹಿಡಿ ತಿರುಗಿಸಿ, ಹಳಿ ಮೇಲೆ ಬಿದ್ದ ಗಾಡಿಯವನಿಂದ ಕೆಲವೇ ಅಡಿ ದೂರದಲ್ಲಿ ರೈಲು ನಿಲ್ಲಿಸಿದ ಕತೆ ಪ್ರಸಿದ್ಧ.

ಕತೆ ಇಲ್ಲಿಗೇ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ನನ್ನ ಪ್ರಕಾರ ನಿಜವಾದ ಆವಿಷ್ಕಾರ ಆಗಿದ್ದು ಮೂರು ವರ್ಷದ ನಂತರ. ಮೊದಲ ಬ್ರೇಕು ಪೈಪಿಗೆ ಗಾಳಿ ತುಂಬಿದರೆ ಹಿಡಿಯುತ್ತಿತ್ತು. ಪೈಪ್ ಒಡೆದರೆ, ಬೋಗಿ ಕಳಚಿದರೆ ಹಿಡಿಯಲು ಏನೂ ಇಲ್ಲ. ಬ್ರೇಕ್ ತುರ್ತಾಗಿ ಬೇಕಾಗುವುದೇ ಅಂಥ ಹೊತ್ತಿನಲ್ಲಿ. 1872ರಲ್ಲಿ ವೆಸ್ಟಿಂಗ್‌ಹೌಸ್ ಲೆಕ್ಕವನ್ನೇ ತಿರುವಿಹಾಕಿದ. ಪ್ರತಿ ಬೋಗಿಗೂ ಅದರದೇ ಗಾಳಿ ಟ್ಯಾಂಕು, ಜೊತೆಗೊಂದು ಟ್ರಿಪಲ್ ವಾಲ್ವ್. ಮುಖ್ಯ ಪೈಪಿನಲ್ಲಿ ಒತ್ತಡ ತುಂಬಿರುವತನಕ ಬ್ರೇಕ್ ಬಿಟ್ಟಿರುತ್ತದೆ. ಒತ್ತಡ ಇಳಿದರೆ, ಅದು ಡ್ರೈವರ್ ಇಳಿಸಿದ್ದೋ ಪೈಪ್ ಹರಿದು ಇಳಿದದ್ದೋ, ವಾಲ್ವ್ ಸರಿದು ಬೋಗಿಯ ಟ್ಯಾಂಕಿನ ಗಾಳಿ ಸಿಲಿಂಡರಿಗೆ ನುಗ್ಗಿ ಬ್ರೇಕ್ ಹಿಡಿಯುತ್ತದೆ.

ಇದನ್ನು ಒಪ್ಪಲು ತಡಮಾಡಿದವರು ಬೆಲೆ ತೆತ್ತರು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಬಳಿ ಮಕ್ಕಳನ್ನು ಪ್ರವಾಸಕ್ಕೆ ಒಯ್ಯುತ್ತಿದ್ದ ರೈಲು ಏರು ಹತ್ತಲಾರದೆ ನಿಂತಿತು. ಅದರ ನಿರ್ವಾತ ಬ್ರೇಕ್ ತಾನಾಗಿ ಹಿಡಿಯುವಂಥದ್ದಲ್ಲ. ಎಂಜಿನ್ನಿನಿಂದ ಬಿಡಿಸಿದ ಹಿಂದಿನ ಬೋಗಿಗಳ ಚಕ್ರಕ್ಕೆ ಕಲ್ಲು ಕೊಟ್ಟಿದ್ದರು. ಕಲ್ಲು ಪುಡಿಯಾಯಿತು, ಬೋಗಿಗಳು ಹಿಂದಕ್ಕೆ ಉರುಳಿ ಇನ್ನೊಂದು ರೈಲಿಗೆ ಅಪ್ಪಳಿಸಿದವು, ಸುಮಾರು 80 ಜನ ಸತ್ತರು. ಅದೇ ವರ್ಷ ಬ್ರಿಟನ್ನಿನ ಕಾನೂನು ಪ್ರಯಾಣಿಕರ ರೈಲುಗಳಿಗೆ ತಾನಾಗಿ ಹಿಡಿಯುವ ಬ್ರೇಕನ್ನು ಕಡ್ಡಾಯ ಮಾಡಿತು.

ನಮ್ಮ ಬಸ್ಸುಗಳಿಗೂ ಈ ವಂಶದ ನಂಟಿದೆ. 1962ರಲ್ಲಿ ಮದ್ರಾಸಿನಲ್ಲಿ ಶುರುವಾದ ಸುಂದರಂ ಕ್ಲೇಟನ್ ಕಂಪನಿಯ ಬ್ರೇಕ್ ವಿಭಾಗ ಮುಂದೆ ವ್ಯಾಬ್ಕೊ ಇಂಡಿಯಾ ಆಯಿತು. ಆ ವ್ಯಾಬ್ಕೊ ಎಂಬುದು ವೆಸ್ಟಿಂಗ್‌ಹೌಸ್ ಏರ್ ಬ್ರೇಕ್ ಕಂಪನಿಯ ಹೆಸರಿನ ಮೊದಲಕ್ಷರಗಳು.

ಹಳೆ ಬಸ್ಸಿನ ಅಡಿ ಮಲಗಿ ಬ್ರೇಕ್ ಕಲಿಯುವವನಿಗೆ 1869 ಮತ್ತು 1872 ಎರಡೂ ಒಂದೇ ಆಕ್ಸಲ್ ಮೇಲೆ ಸಿಗುತ್ತವೆ. ಪೆಡಲ್ ಒತ್ತಿದರೆ ಚೇಂಬರಿಗೆ ಗಾಳಿ ನುಗ್ಗಿ ರಾಡ್ ತಳ್ಳುವುದು ಹಳೆಯ ವಿದ್ಯೆ. ಸ್ಪ್ರಿಂಗ್ ಬ್ರೇಕ್ ಇರುವ ಬಸ್ಸಿನಲ್ಲಿ ಹಿಂದಿನ ಚಕ್ರದ ಚೇಂಬರಿಗೆ ಅಂಟಿಕೊಂಡ ಇನ್ನೊಂದು ಡಬ್ಬಿಯಿರುತ್ತದೆ, ಅದರೊಳಗೆ ದಪ್ಪನೆಯ ಸ್ಪ್ರಿಂಗು. ಗಾಳಿ ಅದನ್ನು ಅದುಮಿಟ್ಟಿರುತ್ತದೆ, ಗಾಳಿ ಹೋದರೆ ಸ್ಪ್ರಿಂಗೇ ಬ್ರೇಕ್ ಹಿಡಿಯುತ್ತದೆ. ಬೆಳಿಗ್ಗೆ ಏರ್ ಕಟ್ಟುವತನಕ ಇಂಥ ಬಸ್ಸು ಕದಲದಿರುವುದು ಇದಕ್ಕೇ. ನೂರಾರು ಕಿಲೋ ಬಲ ಬಿಗಿದಿಟ್ಟ ಆ ಡಬ್ಬಿಯ ಕ್ಲಾಂಪ್ ಬಿಚ್ಚುವುದೆಂದರೆ ಸಾವನ್ನು ಕರೆದಂತೆ. ಅನುಭವಿ ಮೆಕ್ಯಾನಿಕ್ ಕಲಿಯುವ ಹುಡುಗನಿಗೆ ಹೇಳುವ ಮೊದಲ ಪಾಠವೇ ಅದನ್ನು ಮುಟ್ಟಬೇಡ ಎಂಬುದು.

ಟ್ಯಾಂಕಿನ ಕೆಲಸ ಸುಲಭ. ದಿನವೂ ಡ್ರೇನ್ ಕಾಕ್ ಎಳೆದು ನೀರು ಬಿಡಬೇಕು. ನೀರಿನ ಜೊತೆ ಕಪ್ಪು ಆಯಿಲ್ ಧಾರಾಳವಾಗಿ ಬಂದರೆ ಕಂಪ್ರೆಸರ್ ರಿಂಗ್ ಸವೆದಿದೆ ಎಂದರ್ಥ. ಆ ಆಯಿಲ್ ವಾಲ್ವ್‌ಗಳ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಸೋರಿಕೆ ಹಿಡಿಯಲು ಸೋಪಿನ ನೀರಿಗಿಂತ ಒಳ್ಳೆಯ ಉಪಕರಣ ಇನ್ನೂ ಬಂದಿಲ್ಲ.

ಕಷ್ಟದ್ದು ಸ್ಲಾಕ್, ಅಂದರೆ ರಾಡಿಗೂ ಬ್ರೇಕ್ ಶೂಗೂ ನಡುವಿನ ಸಡಿಲ ಹೊಂದಿಸುವ ಭಾಗ. ಆಯಿಲ್ ಬ್ರೇಕಿನಲ್ಲಿ ಹೊಂದಾಣಿಕೆ ಸಡಿಲಾದರೆ ಪೆಡಲ್ ಆಳಕ್ಕೆ ಇಳಿದು ಕಾಲಿಗೇ ಗೊತ್ತಾಗುತ್ತದೆ. ಏರ್ ಬ್ರೇಕಿನ ಪೆಡಲ್ ಬರೀ ವಾಲ್ವು, ಅದು ಚಾಡಿ ಹೇಳುವುದಿಲ್ಲ. ಲೈನಿಂಗ್ ಸವೆದು ರಾಡ್ ತುಂಬ ದೂರ ಓಡಬೇಕಾದರೂ ಗೇಜಿನ ಮುಳ್ಳು ಪೂರ್ತಿ ಒತ್ತಡ ತೋರಿಸುತ್ತಿರುತ್ತದೆ, ಊರೊಳಗೆ ಬಸ್ಸು ಚೆನ್ನಾಗಿಯೇ ನಿಲ್ಲುತ್ತದೆ. ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗಿದಾಗ ರಾಡಿಗೆ ಮುಂದೆ ಓಡಲು ಜಾಗವೇ ಉಳಿಯುವುದಿಲ್ಲ. ಗಾಳಿ ಭರ್ತಿ ಇದ್ದೂ ಬ್ರೇಕ್ ಇಲ್ಲದ ಈ ಸ್ಥಿತಿಯಲ್ಲಿ ಟ್ರಿಪಲ್ ವಾಲ್ವಿನ ಯುಕ್ತಿಯೂ ಉಪಯೋಗಕ್ಕೆ ಬಾರದು, ಸ್ಪ್ರಿಂಗ್ ತಳ್ಳುವುದೂ ಅದೇ ರಾಡನ್ನೇ. ಅದಕ್ಕೇ ಕೈಯಿಂದ ಹೊಂದಿಸುವ ಹಳೆಯ ಸ್ಲಾಕನ್ನು ಕ್ರಮ ತಪ್ಪದೆ ನೋಡಬೇಕು: ಚಕ್ರಕ್ಕೆ ಗಟ್ಟಿಯಾದ ಕಟ್ಟೆ ಕೊಟ್ಟು, ಏರ್ ಕಟ್ಟಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಸ್ಪ್ಯಾನರಿನಿಂದ ಲಾಕ್ ಕಾಲರ್ ಒಳಕ್ಕೆ ಒತ್ತಿ, ಶೂ ಡ್ರಮ್ಮಿಗೆ ತಾಗುವತನಕ ತಿರುಗಿಸಿ ಸ್ವಲ್ಪವೇ ಹಿಂದಕ್ಕೆ ಬಿಡಬೇಕು. ಆಮೇಲೆ ಒಬ್ಬ ಪೆಡಲ್ ಒತ್ತಿ, ಇನ್ನೊಬ್ಬ ಎಡಬಲ ಎರಡೂ ರಾಡುಗಳ ಓಟ ಅಳೆಯಬೇಕು. ಒಂದು ಕಡೆ ಕಮ್ಮಿ, ಇನ್ನೊಂದು ಕಡೆ ಜಾಸ್ತಿ ಇದ್ದರೆ ಮೊದಲ ಮಳೆಗೇ ಬಸ್ಸು ಪಕ್ಕಕ್ಕೆ ಎಳೆಯುತ್ತದೆ.