ಪಾಳುಬಿದ್ದ ಹತ್ತಿಗಿರಣಿಗಳ ಪರಿಶೀಲನೆ

ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರನು ರಾಜನಕೋಳೂರು ಮೊದಲಾದ ಎಡೆಗಳ ಶಿಲಾಸಮಾಧಿಗಳನ್ನು ಅಳೆದು, ಚಿತ್ರ ಬರೆದು, ೧೯ನೆಯ ಶತಮಾನದ ನಡುಭಾಗದಲ್ಲಿ ವಿದ್ವಾಂಸರ ಮುಂದಿಟ್ಟನು. ಶಾಸನವಿಲ್ಲದ, ಕರ್ತೃವಿನ ಹೆಸರಿಲ್ಲದ ಕಲ್ಲುಗಳೂ ಅಳತೆಗೆ ಒಳಪಟ್ಟರೆ ಇತಿಹಾಸವನ್ನು ನುಡಿಯುವುವೆಂಬುದಕ್ಕೆ ಆ ಕಾರ್ಯವೇ ನಿದರ್ಶನವು. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಅದೇ ಕ್ರಮದ ಪರಿಶೀಲನೆಗೆ ಅರ್ಹವಾದ ಮತ್ತೊಂದು ಬಗೆಯ ಅವಶೇಷವುಂಟು. ಅದು ಕೆಲಸ ನಿಂತು ಕೆಡಹುವ ದಿನವನ್ನು ಕಾಯುವ ಹತ್ತಿಗಿರಣಿ.

ಮುಂಬಯಿಯಿಂದ ಬಂದ ರೈಲುಮಾರ್ಗವೂ ಮದರಾಸಿನಿಂದ ಬಂದುದೂ ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿದವು. ಯಾದಗಿರಿಯು ಆ ಹಾದಿಯಲ್ಲಿದ್ದಿತು. ಶಹಾಪುರ, ಸುರಪುರಗಳು ಭೀಮೆಯ ಆಚೆಗುಳಿದವು. ಎರೆಯ ಹೊಲದಿಂದ ಬಿಡಿಸಿ ತಂದ ಹತ್ತಿಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಾಳೇ ಆಗಿರುವುದರಿಂದ, ಕಾಳನ್ನು ಬೇರ್ಪಡಿಸಿ ಅರಳೆಯನ್ನು ಮಾತ್ರ ದೂರ ಸಾಗಿಸುವುದು ಲಾಭಕರವಾಯಿತು. ಹಿಂದೆ ಧಾರವಾಡದ ಕಡೆ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿಯನ್ನಿಟ್ಟು, ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಕಾಳು ತೆಗೆಯುತ್ತಿದ್ದರು. ೧೮೪೦ರಲ್ಲಿ ಅಮೆರಿಕದ ಮೆಕಾರ್ಥಿಯು ಹಕ್ಕು ಪಡೆದ ಯಂತ್ರದಲ್ಲಿ ಚರ್ಮದ ಉರುಳೆಯು ಅರಳೆಯನ್ನು ಎಳೆದುಕೊಳ್ಳುವುದು, ಅಲಗು ಕಾಳನ್ನು ತಡೆಯುವುದು. ಗಿರಣಿಯ ಜಿನ್ನುಗಳಿಗೆ ಮೂಲವು ಇದೇ.

ಯಂತ್ರಗಳನ್ನು ಕಿತ್ತೊಯ್ದ ಮೇಲೆಯೂ ಕಟ್ಟಡವು ಮೂಕವಲ್ಲ. ನೆಲದಲ್ಲಿ ಉಳಿದ ಬೋಲ್ಟುಗಳ ಸಾಲು ಜಿನ್ನುಗಳ ಸಂಖ್ಯೆಯನ್ನು ತಿಳಿಸುವುದು. ಗೋಡೆಯ ರಂಧ್ರಗಳೂ ಎಣ್ಣೆಯ ಕಲೆಗಳೂ ಎಲ್ಲ ಯಂತ್ರಗಳನ್ನು ಓಡಿಸುತ್ತಿದ್ದ ಉದ್ದನೆಯ ದಂಡವು ಹಾದುಹೋದ ಎಡೆಯನ್ನು ತೋರಿಸುವುವು. ಇಟ್ಟಿಗೆಯ ಎತ್ತರದ ಹೊಗೆಗೂಡು ಹಬೆಯ ಶಕ್ತಿಗೆ ಸಾಕ್ಷಿ. ಒಂದು ಭಾಗ ಮಾತ್ರ ಮಿಕ್ಕವುಗಳಿಗಿಂತ ಎತ್ತರವಾಗಿದ್ದರೆ ಅದು ಪ್ರೆಸ್ಸಿನ ಮನೆಯಾಗಿರಬಹುದು. ಸಡಿಲವಾದ ಅರಳೆಯನ್ನು ಆಳವಾದ ಪೆಟ್ಟಿಗೆಯಲ್ಲಿ ತುಂಬಿ ಒತ್ತಿದರಲ್ಲದೆ ಅಂಡಿಗೆಯು ಸಿದ್ಧವಾಗದು.

ಕಟ್ಟಡದಷ್ಟೇ ಗಮನಾರ್ಹವಾದುದು ಅದರೊಳಗೆ ಬಾಳಿದ ಭಾಷೆ. ಅರಳೆ, ಅಂಡಿಗೆಗಳೊಡನೆ ಇಂಗ್ಲಿಷಿನ ಜಿನ್ನು, ಪ್ರೆಸ್ಸು, ಬೇಲುಗಳೂ, ಅರಬ್ಬಿಯ ಹಮಾಲನೂ, ಪಾರಸಿಯ ಗುಮಾಸ್ತನೂ ಒಂದೇ ಅಂಗಳದಲ್ಲಿ ಕಲೆತರು. ನಿಘಂಟುಕಾರನಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರವು ಅಪೂರ್ವ. ಆದರೆ ಯಂತ್ರದ ಯಾವ ಅಂಗಕ್ಕೆ ಯಾವ ಹೆಸರೆಂಬುದನ್ನು ಆ ಸ್ಥಳದಲ್ಲಿಯೇ ನಿಂತು, ದುಡಿದವರ ಬಾಯಿಂದ ಕೇಳಿ ಬರೆದುಕೊಳ್ಳಬೇಕು. ಗೋಡೆ ಬಿದ್ದಮೇಲೆ ಪದವು ಉಳಿದರೂ ಅದು ಸೂಚಿಸುವ ವಸ್ತುವು ಕಾಣದು.

೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ಕನಿಷ್ಠ ನೂರು ವರ್ಷಗಳ ಕಟ್ಟಡವನ್ನೇ ಪ್ರಾಚೀನ ಸ್ಮಾರಕವೆಂದು ಎಣಿಸುತ್ತದೆ. ನೂರು ತುಂಬಿದುದೆಲ್ಲವೂ ರಕ್ಷಿತವಾಗದು. ತುಂಬದ ಗಿರಣಿಗಂತೂ ಆ ಆಸರೆಯಿಲ್ಲ. ಎಲ್ಲವನ್ನೂ ಉಳಿಸುವುದು ಅಶಕ್ಯವೆಂಬುದು ನಿಜ. ಆದರೆ ಒಡೆಯನ ಅಪ್ಪಣೆ ಪಡೆದು, ಒಂದು ನಕ್ಷೆ, ಕೆಲವು ಛಾಯಾಚಿತ್ರ, ಒಂದು ಪದಪಟ್ಟಿ ಇವನ್ನು ಸಿದ್ಧಪಡಿಸುವುದು ಕಾಲೇಜಿನ ವಿದ್ಯಾರ್ಥಿಗಳಿಗೂ ಸಾಧ್ಯವಾದ ಕೆಲಸ. ಶಿಲಾಸಮಾಧಿಯನ್ನು ಕಟ್ಟಿದವರನ್ನು ಕೇಳುವ ಅವಕಾಶವು ಟೇಲರನಿಗೆ ಇರಲಿಲ್ಲ; ಗಿರಣಿಯಲ್ಲಿ ದುಡಿದವರನ್ನು ಕೇಳುವ ಅವಕಾಶವು ಇಂದಿನವರಿಗೆ ಇನ್ನೂ ಇದೆ.