ಮುಪ್ಪಿನ ಕಣ್ಣಿಗೆ ಹೊಸ ಕಡಲು

ದೇಹದ ಎತ್ತರ ಬೆಳೆಯುವುದು ಇಪ್ಪತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ಮನಸ್ಸು ಬೆಳೆಯುವುದು ಎಂದಿಗೆ ನಿಲ್ಲುತ್ತದೆ? ಜಗಲಿಯಲ್ಲಿ ಕುಳಿತ ಅಜ್ಜನನ್ನೋ ಅಜ್ಜಿಯನ್ನೋ ಕಂಡಾಗ, ಅವರು ಕಲಿಯಬೇಕಾದುದನ್ನೆಲ್ಲ ಕಲಿತು ಮುಗಿಸಿದವರು, ಇನ್ನು ಅವರಿಗೆ ಉಳಿದಿರುವುದು ನೆನಪುಗಳು ಮಾತ್ರ ಎಂದು ಎಳೆಯರು ಭಾವಿಸುವುದುಂಟು. ಹಿರಿಯರೂ ಎಷ್ಟೋ ಸಲ ತಮ್ಮನ್ನು ಕುರಿತು ಹಾಗೆಯೇ ಎಣಿಸಿ ದಿನಗಳನ್ನು ಬರಿದೆ ನೂಕುತ್ತಾರೆ. ಈ ಎಣಿಕೆ ಎಷ್ಟರ ಮಟ್ಟಿಗೆ ಸರಿ?

ವಿಷಯವು ಸ್ಪಷ್ಟವಾಗುವಂತೆ, ಉಡುಪಿಯ ವಾಯವ್ಯಕ್ಕಿರುವ ಹೂಡೆಯ ಕಡಲ ಕರೆಗೆ ಹೋಗೋಣ. ಒಂದು ಮಗ್ಗುಲಲ್ಲಿ ಅರಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸುವರ್ಣಾ ನದಿ, ನಡುವೆ ಕಿರಿದಾದ ನೆಲ. ಉತ್ತರಕ್ಕೆ ನಡೆದರೆ, ಕೋಡಿಬೆಂಗ್ರೆಯ ತುದಿಯಲ್ಲಿ ಸೀತಾ ಮತ್ತು ಸುವರ್ಣಾ ನದಿಗಳು ಕಡಲನ್ನು ಸೇರುತ್ತವೆ. ಹಿರಿಯರೊಬ್ಬರು ದಿನವೂ ಸಂಜೆ ಐದು ಗಂಟೆಗೆ ಇಲ್ಲಿ ತಿರುಗಾಡುತ್ತಾರೆಂದು ಇಟ್ಟುಕೊಳ್ಳೋಣ. ಅದೇ ದಾರಿ, ಅದೇ ಮರಳು, ಅದೇ ನೀರು, ಹೊಸತೇನುಂಟು?

ಬೇಕಾದಷ್ಟುಂಟು. ಕಡಲಿನ ಉಬ್ಬರವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಭೂಮಿಯು ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ತನ್ನ ಹಾದಿಯಲ್ಲಿ ಮುಂದೆ ಸರಿದಿರುವುದೇ ಇದಕ್ಕೆ ಕಾರಣ. ಆದುದರಿಂದ ಇಂದು ಐದು ಗಂಟೆಗೆ ನೀರು ನಿಂತ ಗೆರೆಯಲ್ಲಿ ನಾಳೆ ಐದಕ್ಕೆ ಅದು ನಿಲ್ಲದು. ಮಳೆಗಾಲದ ಹೆದ್ದೆರೆಗಳು ಕರೆಯ ಮರಳನ್ನು ಕೊಚ್ಚಿ ಒಯ್ಯುತ್ತವೆ. ಮಳೆ ಕಳೆದ ಮೇಲೆ ಸೌಮ್ಯವಾದ ತೆರೆಗಳು ಅದನ್ನು ಮರಳಿ ತಂದು ಹಾಸುತ್ತವೆ. ಅಳಿವೆಯ ಮರಳುದಿಣ್ಣೆಯೂ ತನ್ನ ಆಕಾರವನ್ನು ಬದಲಿಸುತ್ತಲೇ ಇರುತ್ತದೆ.

ಹೀಗಿದ್ದರೂ ಕಡಲು ನಮಗೆ ಹಳತಾಗಿ ತೋರುವುದೇಕೆ? ಇದು ರೂಢಿಯ ಪರಿಣಾಮ. ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ ಬಸವನಹುಳುವಿನ ಬಳಗಕ್ಕೆ ಸೇರಿದ ಏಪ್ಲಿಸಿಯ ಎಂಬ ಕಡಲಜೀವಿಯಲ್ಲಿ ಇದನ್ನು ಪರೀಕ್ಷಿಸಿದರು. ಅದನ್ನು ಮೆಲ್ಲನೆ ಮುಟ್ಟಿದರೆ ಕಿವಿರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟಿದರೆ, ಸ್ಪರ್ಶವನ್ನು ಅರಿಯುವ ನರಕೋಶಗಳು ಮುಂದಿನ ಕೋಶಗಳಿಗೆ ಕಳುಹಿಸುವ ರಾಸಾಯನಿಕ ಸಂದೇಶ ಕ್ಷೀಣಿಸುತ್ತದೆ. ಪ್ರಾಣಿಯು ಸ್ಪರ್ಶವನ್ನು ಲಕ್ಷಿಸದಾಗುತ್ತದೆ. ನರಕೋಶಗಳ ಸಂದೇಶವಹನವನ್ನೂ ನೆನಪನ್ನೂ ಕುರಿತ ಶೋಧನೆಗಳಿಗಾಗಿ ಕ್ಯಾಂಡೆಲ್ಲರು 2000ದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ರೂಢಿಯು ಜೀವಿಗೆ ಉಪಕಾರಿಯೇ ಹೌದು. ಅದಿಲ್ಲದಿದ್ದರೆ ನಾವು ತೊಟ್ಟ ಅಂಗಿಯ ಸ್ಪರ್ಶವೇ ದಿನವಿಡೀ ನಮ್ಮನ್ನು ಕಾಡುತ್ತಿತ್ತು. ಆದರೆ ಎಪ್ಪತ್ತು ವರ್ಷಗಳ ರೂಢಿ ಕಣ್ಣಿನ ಮೇಲೆ ದಪ್ಪನಾದ ಪರದೆಯನ್ನು ಎಳೆಯಬಲ್ಲುದು.

ಮುಪ್ಪಿನ ಮಿದುಳಿಗೆ ಈ ಪರದೆಯನ್ನು ಸರಿಸುವ ಶಕ್ತಿ ಉಂಟೇ? 1960ರ ದಶಕದಲ್ಲಿ ರೇಮಂಡ್ ಕ್ಯಾಟೆಲ್ ಮತ್ತು ಜಾನ್ ಹಾರ್ನ್ ಎಂಬ ಮನೋವಿಜ್ಞಾನಿಗಳು ಬುದ್ಧಿಶಕ್ತಿಯಲ್ಲಿ ಎರಡು ಬಗೆಗಳನ್ನು ಗುರುತಿಸಿದರು. ಹೊಸ ಸಮಸ್ಯೆಯನ್ನು ಚುರುಕಾಗಿ ಬಿಡಿಸುವ ಶಕ್ತಿ ವಯಸ್ಸಿನೊಂದಿಗೆ ಇಳಿಯುತ್ತದೆ. ಅನುಭವದಿಂದ ಕೂಡಿಬಂದ ತಿಳಿವಳಿಕೆಯಾದರೋ ಬಹುಕಾಲ ಉಳಿಯುತ್ತದೆ. 2008ರಲ್ಲಿ ಜರ್ಮನಿಯ ಸಂಶೋಧಕರು ಸುಮಾರು 60 ವರ್ಷದವರಿಗೆ ಮೂರು ಚೆಂಡುಗಳನ್ನು ಒಂದಾದ ಮೇಲೊಂದು ಎಸೆದು ಹಿಡಿಯುವ ಆಟವನ್ನು ಮೂರು ತಿಂಗಳು ಅಭ್ಯಾಸ ಮಾಡಿಸಿದರು. ಎಳೆಯರಷ್ಟು ಸುಲಭವಾಗಿ ಅವರು ಅದನ್ನು ಕಲಿಯಲಿಲ್ಲ. ಆದರೆ ಕಲಿತವರ ಮಿದುಳಿನ ಕೆಲವು ಭಾಗಗಳಲ್ಲಿ ಬೂದುದ್ರವ್ಯ ಹೆಚ್ಚಿದುದು ಕಂಡುಬಂದಿತು; ನೆನಪಿಗೆ ಅವಶ್ಯವಾದ ಹಿಪೊಕ್ಯಾಂಪಸ್ ಅವುಗಳಲ್ಲೊಂದು. ಅಭ್ಯಾಸವನ್ನು ಬಿಟ್ಟಾಗ ಆ ಹೆಚ್ಚಳ ಕುಗ್ಗಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಪ್ರಯೋಗವೊಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ನಡೆದು 2020ರಲ್ಲಿ ಪ್ರಕಟವಾಯಿತು. ಹಿರಿಯರ ಎರಡು ಗುಂಪುಗಳು ಎಂಟು ವಾರ, ವಾರಕ್ಕೊಮ್ಮೆ 15 ನಿಮಿಷ ನಡೆದವು. ಒಂದು ಗುಂಪಿಗೆ ಸುಮ್ಮನೆ ನಡೆಯಲು ಹೇಳಲಾಯಿತು. ಇನ್ನೊಂದಕ್ಕೆ ಎಲೆ, ಹೂವು, ಆಕಾಶ ಯಾವುದನ್ನೇ ಆಗಲಿ ಮೊದಲ ಸಲ ಕಾಣುತ್ತಿರುವಂತೆ ವಿಸ್ಮಯದಿಂದ ನೋಡುತ್ತ ನಡೆಯಲು ಹೇಳಲಾಯಿತು. ವಿಸ್ಮಯದಿಂದ ನಡೆದವರು ಹೆಚ್ಚು ಸಂತೋಷವನ್ನು ಅನುಭವಿಸಿದರು. ನಡಿಗೆಯ ವೇಳೆ ಅವರು ತೆಗೆದುಕೊಂಡ ತಮ್ಮ ಭಾವಚಿತ್ರಗಳಲ್ಲಿ ವಾರದಿಂದ ವಾರಕ್ಕೆ ಅವರ ಆಕೃತಿ ಚಿಕ್ಕದಾಗುತ್ತ, ಸುತ್ತಲಿನ ನೋಟ ದೊಡ್ಡದಾಗುತ್ತ ಬಂದಿತು, ಮುಗುಳ್ನಗೆಯೂ ಅರಳಿತು! ಇದು ಸಣ್ಣ ಪ್ರಯೋಗ. ಮರೆವಿನ ರೋಗಕ್ಕೆ ಇದೇ ಮದ್ದೆಂದು ಯಾರೂ ಭ್ರಮಿಸಬಾರದು. ಆದರೂ ‘ನಾನು’ ಚಿಕ್ಕದಾಗಿ ಲೋಕ ದೊಡ್ಡದಾಗುವುದೂ ಒಂದು ಬೆಳವಣಿಗೆಯಲ್ಲವೇ?

ಇದಕ್ಕೆ ನಿದರ್ಶನ ಹೂಡೆಗೆ ದೂರವೇನಲ್ಲ. ಅಳಿವೆಯನ್ನು ದಾಟಿ ಇನ್ನಷ್ಟು ಉತ್ತರಕ್ಕೆ ಹೋದರೆ, 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಕೋಟ ಸಿಗುತ್ತದೆ. ಅವರ ‘ವಿಜ್ಞಾನ ಪ್ರಪಂಚ’ದ ಸಂಪುಟಗಳು ಹೊರಬರತೊಡಗಿದಾಗ ಅವರಿಗೆ ಐವತ್ತು ದಾಟಿತ್ತು. ಮುದುಕಿಯೊಬ್ಬಳನ್ನು ನಡುವಿಟ್ಟು ರಚಿಸಿದ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಪ್ರಕಟವಾಯಿತು. 1997ರಲ್ಲಿ ತೀರಿಕೊಂಡ ಅವರು ತೊಂಬತ್ತೈದರ ವಯಸ್ಸಿನಲ್ಲಿ ಬರೆದುದು ಹಕ್ಕಿಗಳನ್ನು ಕುರಿತ ಪುಸ್ತಕವನ್ನು. ಹಿತ್ತಲಿನ ಹಕ್ಕಿಗಿಂತ ನಿತ್ಯದ ನೋಟ ಬೇರೊಂದಿದೆಯೇ? ಎಲ್ಲರೂ ಕಾರಂತರಾಗಲಾರರು, ಆದರೆ ಹಕ್ಕಿಯತ್ತ ತಲೆಯೆತ್ತಿ ನೋಡಲು ಯಾರಿಗೂ ಅಡ್ಡಿಯಿಲ್ಲ.

ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರೊಡನೆ ಒಂದು ಪ್ರಯೋಗವನ್ನು ಮಾಡಬಹುದು. ಕಡಲು ಹತ್ತಿರವಿದ್ದರೆ, ಹದಿನೈದು ದಿನ ಒಂದೇ ಹೊತ್ತಿಗೆ ಹೋಗಿ, ನೀರು ನಿಂತ ಗೆರೆಯನ್ನು ಹೆಜ್ಜೆಗಳಿಂದ ಅಳೆದು ಬರೆದಿಡಿ. ದೂರವಿದ್ದರೆ, ಹುಣ್ಣಿಮೆಯಿಂದ ಮೂರು ನಾಲ್ಕು ರಾತ್ರಿ ಅಂಗಳದಲ್ಲಿ ಕುಳಿತು ಚಂದ್ರೋದಯದ ಗಳಿಗೆಯನ್ನು ಗುರುತಿಸಿ. ಅದೂ ದಿನದಿಂದ ದಿನಕ್ಕೆ ತಡವಾಗುವುದನ್ನು ಕಾಣುವಿರಿ. ಬರೆಯುವ ಕೆಲಸ ನಿಮ್ಮದಿರಲಿ, ಮೊದಲು ಕಂಡುಹಿಡಿಯುವ ಕೆಲಸ ಅಜ್ಜಿಯದಿರಲಿ. ಯಾರು ಯಾರಿಗೆ ಕಲಿಸಿದರೆಂಬುದನ್ನು ಕೊನೆಗೆ ಹೇಳುವುದು ಕಷ್ಟವಾದೀತು.