ಏಳರಲ್ಲಿ ಉಳಿದ ಎರಡು ಮರ

1977ರ ಜೂನ್ 5, ವಿಶ್ವ ಪರಿಸರ ದಿನ. ನೈರೋಬಿಯಲ್ಲಿ ಮೆರವಣಿಗೆ ಹೊರಟ ಮಹಿಳೆಯರು ಕಮುಕುಂಜಿ ಮೈದಾನದಲ್ಲಿ ಏಳು ಗಿಡ ನೆಟ್ಟರು. ಅವುಗಳಲ್ಲಿ ಐದು ಸತ್ತವು, ಎರಡು ಉಳಿದವು. ಮುಂದೆ ಕೀನ್ಯಾದಲ್ಲಿ ಮೂರು ಕೋಟಿಗೂ ಹೆಚ್ಚು ಮರ ಬೆಳೆಸಿದ ಹಸಿರು ಪಟ್ಟಿ ಚಳವಳಿ ಶುರುವಾದದ್ದು ಹೀಗೆ. ಅದನ್ನು ಕಟ್ಟಿದ ವಂಗಾರಿ ಮಾತಾಯಿ ನೈರೋಬಿ ವಿಶ್ವವಿದ್ಯಾಲಯದಲ್ಲಿ ಅಂಗರಚನಾ ಶಾಸ್ತ್ರ ಕಲಿಸುತ್ತಿದ್ದವರು. ಸೌದೆಯಿಲ್ಲ, ನೀರು ದೂರ, ದನಕ್ಕೆ ಮೇವಿಲ್ಲ ಎಂದು ಹಳ್ಳಿಯ ಹೆಂಗಸರು ಹೇಳಿಕೊಂಡ ಕಷ್ಟಕ್ಕೆ ಅವರು ಕಂಡುಕೊಂಡ ಉತ್ತರ ಗಿಡ. ಸಸಿ ಬೆಳೆಸಲು ತರಬೇತಿ ಬೇಕೆಂದು ಅರಣ್ಯಾಧಿಕಾರಿಗಳು ತಕರಾರು ತೆಗೆದರೂ ಆ ಹೆಂಗಸರು ಒಡೆದ ಮಡಕೆಗಳಲ್ಲಿ ಬೀಜ ಊರಿ ಸಸಿ ಎಬ್ಬಿಸಿದರು. ಲಿಸಾ ಮರ್ಟನ್ ಮತ್ತು ಆಲನ್ ಡೇಟರ್ ನಿರ್ದೇಶಿಸಿದ 'ಟೇಕಿಂಗ್ ರೂಟ್' ಎಂಬ ಸಾಕ್ಷ್ಯಚಿತ್ರ ಈ ಕಥೆಯನ್ನು 2008ರಲ್ಲಿ ತೆರೆಗೆ ತಂದು, ಹಲವು ಚಿತ್ರೋತ್ಸವಗಳಲ್ಲಿ ಪ್ರಶಸ್ತಿ ಪಡೆಯಿತು. ಮಾತಾಯಿಗೆ 2004ರಲ್ಲೇ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತ್ತು. ಅವರು ಅಲ್ಲಿಗೆ ತಲುಪಿದ ದಾರಿಯನ್ನು ಈ ಚಿತ್ರ ಸಸಿಮಡಿಯಿಂದ ಶುರುಮಾಡಿ ತೋರಿಸುತ್ತದೆ.

ಈ ಚಿತ್ರ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಊರೂರಲ್ಲಿ ತೋರಿಸಬೇಕಾದ ಚಿತ್ರ ಎಂಬುದು ನನ್ನ ವಾದ. ಈ ಸೀಮೆಗೆ ಕ್ಯಾಮೆರಾ ಹೊಸದಲ್ಲ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರ 'ವೈಲ್ಡ್ ಕರ್ನಾಟಕ' 2020ರ ಜನವರಿಯಲ್ಲಿ ಚಿತ್ರಮಂದಿರಕ್ಕೇ ಬಂತು, ರಾಷ್ಟ್ರ ಪ್ರಶಸ್ತಿಯನ್ನೂ ಪಡೆಯಿತು. ಬಂಡೀಪುರ ದಾಟಿದರೆ ಸಿಗುವ ತೆಪ್ಪಕಾಡು ಆನೆ ಶಿಬಿರದ ಕಥೆ 'ದಿ ಎಲಿಫೆಂಟ್ ವಿಸ್ಪರರ್ಸ್' 2023ರಲ್ಲಿ ಆಸ್ಕರ್ ಗೆದ್ದಿತು. ಎರಡೂ ಒಳ್ಳೆಯ ಚಿತ್ರಗಳು. ಕಾಡಿನ ಮೇಲೆ ಜನರ ಪ್ರೀತಿ ಹೆಚ್ಚಿಸಿದವು. ಆದರೆ ಇಲ್ಲಿಗೆ ಬರುವ ಕ್ಯಾಮೆರಾ ಹುಲಿಯನ್ನು, ಆನೆಯನ್ನು ಹುಡುಕಿಕೊಂಡು ಸೀದಾ ಕಾಡಿಗೆ ಹೋಗುತ್ತದೆ. ಕಾಡಿನ ಹೊರಗಿನ ಬಯಲಿನಲ್ಲಿ ಮರ ನೆಟ್ಟವರು ಯಾರು, ಆ ಮರಗಳು ಹೋದದ್ದು ಹೇಗೆ ಎಂದು ಅದು ಕೇಳಿದ್ದು ಕಡಿಮೆ.

ಜಿಲ್ಲೆಯ ಅರ್ಧದಷ್ಟು ಕಾಡೇ ಇರುವಾಗ ಬಯಲಿನ ಮರದ ಮಾತೇಕೆ ಎಂದು ಕೇಳುವವರಿದ್ದಾರೆ. ಕಾಡು ಇರುವುದು ಜಿಲ್ಲೆಯ ಅಂಚುಗಳಲ್ಲಿ, ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ. ನಡುವಿನ ಬಯಲು ಮಳೆ ನೆಚ್ಚಿಕೊಂಡ ಹೊಲ, ಕೊಳವೆಬಾವಿ ನೆಚ್ಚಿಕೊಂಡ ಅರಿಸಿನ, ಬಾಳೆ. ಊರಿನಲ್ಲಿ ಸೌದೆ, ಸೊಪ್ಪು, ನೆರಳು ಸಿಗದಿದ್ದರೆ ಜನ ಮತ್ತು ದನ ಕಾಡಂಚಿಗೇ ಹೋಗಬೇಕು. ಆನೆಗೆ ಎದುರಾಗುವುದೂ ಅಲ್ಲೇ. ಹಳೆಯ ಮೈಸೂರು ಸೀಮೆ ಇದಕ್ಕೆ ಕಂಡುಕೊಂಡಿದ್ದ ವ್ಯವಸ್ಥೆಯೇ ಗುಂಡುತೋಪು. ಊರ ಹೊರಗೆ ಮಾವು, ಹುಣಸೆ, ನೇರಳೆ, ಹೊಂಗೆ, ಇಪ್ಪೆ. ಮಧ್ಯಾಹ್ನ ದನಗಳು ಅಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು, ಜಾತ್ರೆಗೆ ಬಂದ ಗಾಡಿಗಳ ಎತ್ತುಗಳನ್ನು ಅಲ್ಲೇ ಬಿಚ್ಚುತ್ತಿದ್ದರು, ಹುಣಸೆ ಫಸಲು ಹರಾಜಾಗುತ್ತಿತ್ತು. ಇವತ್ತು ಎಷ್ಟೋ ಊರುಗಳಲ್ಲಿ ಗುಂಡುತೋಪು ಪಹಣಿಯಲ್ಲಿದೆ, ನೆಲದ ಮೇಲೆ ಕಟ್ಟಡಗಳಿವೆ. ಇದನ್ನು ನೋಡಿಯೂ ಸಿಟ್ಟು ಬರದಿದ್ದರೆ ಕಾಡಿನ ಸಿನಿಮಾಗೆ ಚಪ್ಪಾಳೆ ತಟ್ಟಿ ಏನು ಪ್ರಯೋಜನ?

ವನಮಹೋತ್ಸವ ಪ್ರತಿವರ್ಷ ನಡೆಯುತ್ತಿದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ಕೆ.ಎಂ. ಮುನ್ಷಿ 1950ರಲ್ಲಿ ಆರಂಭಿಸಿದ ಹಬ್ಬ ಅದು. ಆದರೆ ಹಬ್ಬದ ಲೆಕ್ಕ ಗುಂಡಿಗಳ ಲೆಕ್ಕ. ಜುಲೈನಲ್ಲಿ ನೆಟ್ಟ ಸಸಿಗೆ ಮುಂದಿನ ಮಾರ್ಚ್‌ನಲ್ಲಿ ನೀರು ಹಾಕುವವರು, ಆಡು ಬಾಯಿ ಹಾಕದಂತೆ ಮುಳ್ಳು ಕಟ್ಟುವವರು ಯಾರು ಎಂಬುದು ಆ ಲೆಕ್ಕದಲ್ಲಿ ಇರುವುದಿಲ್ಲ. ಮಾತಾಯಿ ಲೆಕ್ಕದ ಪುಸ್ತಕವನ್ನೇ ಬದಲಿಸಿದರು: ಹಣ ಸಿಕ್ಕುತ್ತಿದ್ದುದು ಬದುಕಿದ ಗಿಡಕ್ಕೆ ಮಾತ್ರ, ಗಿಡವೊಂದಕ್ಕೆ ನಾಲ್ಕು ಅಮೆರಿಕನ್ ಸೆಂಟ್. ಕರ್ನಾಟಕಕ್ಕೂ ಈ ತತ್ವ ಗೊತ್ತು. 2011-12ರಲ್ಲಿ ಬಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ತನ್ನ ಜಮೀನಿನಲ್ಲಿ ನೆಟ್ಟು ಉಳಿಸಿಕೊಂಡ ಸಸಿಗೆ ಮೂರು ವರ್ಷ, ವರ್ಷಕ್ಕೊಮ್ಮೆ ಎಣಿಸಿ ಪ್ರೋತ್ಸಾಹಧನ ಕೊಡುತ್ತಾರೆ. ಒಳ್ಳೆಯ ಯೋಜನೆ. ಆದರೆ ಅದರ ಲಾಭ ಜಮೀನಿದ್ದವರಿಗೆ. ತೋಪಿನ ಗಿಡಕ್ಕೆ, ಕೆರೆ ಏರಿಯ ಗಿಡಕ್ಕೆ, ರಸ್ತೆ ಬದಿಯ ಗಿಡಕ್ಕೆ ನೀರು ಹೊರುವ ಭೂಮಿಯಿಲ್ಲದ ಹೆಂಗಸಿಗೆ ಅದರಲ್ಲಿ ಜಾಗವಿಲ್ಲ.

ಮರ ಬೆಳೆಸುವುದು ಪುಣ್ಯದ ಕೆಲಸ, ಅದಕ್ಕೆ ದುಡ್ಡು ಸೇರಿಸಿದರೆ ಕೆಡುತ್ತದೆ, ಸಾಲುಮರದ ತಿಮ್ಮಕ್ಕ ಕೂಲಿ ಕೇಳಿದ್ದರೇ ಎನ್ನುವವರಿಗೆ ಗೌರವದಿಂದಲೇ ಉತ್ತರ ಹೇಳಬೇಕು. 2025ರ ನವೆಂಬರ್‌ನಲ್ಲಿ ತೀರಿಕೊಂಡ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಕೂಲಿ ಮಾಡಿಯೇ ಬದುಕಿದವರು. ಹುಲಿಕಲ್–ಕುದೂರು ರಸ್ತೆಯ ಆಲದ ಸಸಿಗಳಿಗೆ ದುಡಿಮೆಯ ನಡುವೆ ಕೊಡದಲ್ಲಿ ನೀರು ಹೊತ್ತವರು. ಅಂಥ ಪ್ರೀತಿಗೆ ಕೈಮುಗಿಯೋಣ. ಆದರೆ ಅದನ್ನು ಪ್ರತಿಯೊಬ್ಬ ಬಡವಿಯಿಂದ ಪುಕ್ಕಟೆಯಾಗಿ ನಿರೀಕ್ಷಿಸುವುದು ನ್ಯಾಯವಲ್ಲ. ಅಷ್ಟು ಪ್ರೀತಿಯಿಂದ ಬೆಳೆದ ಮರಗಳಿಗೂ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣದಿಂದ ಕುತ್ತು ಬಂದಿತ್ತು. ತಿಮ್ಮಕ್ಕನೇ ಮುಖ್ಯಮಂತ್ರಿಯ ಮೊರೆಹೋದ ಮೇಲೆ ಸರ್ಕಾರ ಬೇರೆ ದಾರಿ ನೋಡುವುದಾಗಿ ಹೇಳಿತು. ಪದ್ಮಶ್ರೀ ಪಡೆದ ಅಜ್ಜಿಯ ಮರಗಳಿಗೇ ಈ ಗತಿಯಾದರೆ, ಹೆಸರಿಲ್ಲದವರು ನೆಟ್ಟ ಹುಣಸೆಮರದ ಪರವಾಗಿ ಯಾರು ಮೊರೆಹೋಗಬೇಕು? 'ಟೇಕಿಂಗ್ ರೂಟ್' ಇದಕ್ಕೂ ಉತ್ತರ ಕೊಡುತ್ತದೆ. 1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ ಅರವತ್ತು ಮಹಡಿಯ ಕಟ್ಟಡ ಎಬ್ಬಿಸಲು ಹೊರಟ ಸರ್ಕಾರವನ್ನು ಮಾತಾಯಿ ಎದುರು ಹಾಕಿಕೊಂಡರು. ಕೊನೆಗೆ ಆ ಯೋಜನೆಯೇ ನಿಂತುಹೋಯಿತು. ಗಿಡ ಸಾಕಿದವರಿಗೆ ಅದನ್ನು ಕಡಿಯುವಾಗ ಪ್ರಶ್ನಿಸುವ ಹಕ್ಕೂ ಇದೆ ಎಂಬುದನ್ನು ಹಸಿರು ಪಟ್ಟಿ ಚಳವಳಿಯ ಹೆಂಗಸರು ಸಸಿಮಡಿಯಲ್ಲೇ ಕಲಿತಿದ್ದರು.

ಅದಕ್ಕೇ ಜಿಲ್ಲಾಡಳಿತಕ್ಕೂ ಗ್ರಾಮ ಪಂಚಾಯಿತಿಗಳಿಗೂ ಮೂರು ಮನವಿ. ಮುಂದಿನ ವನಮಹೋತ್ಸವಕ್ಕೆ ಮೊದಲು ಈ ಚಿತ್ರವನ್ನು ಕನ್ನಡದ ವಿವರಣೆಯೊಂದಿಗೆ ಸ್ತ್ರೀಶಕ್ತಿ ಸಂಘಗಳಿಗೆ ತೋರಿಸಿ. ಉಳಿದಿರುವ ಗುಂಡುತೋಪುಗಳನ್ನು ಅಳತೆ ಮಾಡಿಸಿ ಆ ಸಂಘಗಳ ಸುಪರ್ದಿಗೆ ಕೊಡಿ. ನೆಟ್ಟ ದಿನವಲ್ಲ, ಮೂರನೆಯ ಬೇಸಿಗೆ ದಾಟಿದ ಮೇಲೆ ಗಿಡ ಎಣಿಸಿ, ಸಾಕಿದವರ ಕೈಗೆ ದುಡ್ಡು ಕೊಡಿ.